ಹಿಮಕ್ಕೆ ಎಷ್ಟು ಕಿಲೋಬಿಟ್ಟು

ಪ್ವೆರ್ತೊ ಮೋಂತ್, ಮೂರನೇ ಮಹಡಿ. ನನ್ನ ಮುಂದೆ
ಹನ್ನೆರಡು ಕಿಟಕಿ, ಒಂದಕ್ಕೂ ಚಿಲಕವಿಲ್ಲ.
ನಾನೂರು ಕಿಲೋಮೀಟರ್ ತೆಂಕಣಕ್ಕೆ, ಐಸೆನ್ನಿನ ಕಡಲ ಕವಲಿನಲ್ಲಿ
ಒಂದು ದೋಣಿಮನೆ ತೇಲುತ್ತಿದೆ.
ಅದರ ಕಂಪ್ಯೂಟರಿನ ಮೇಲೆ ಇಲ್ಲಿಂದ ನನ್ನ ಕೈ.
ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಕೊಳವೆ ಕೆಮ್ಮುತ್ತದೆ,
ಸಾಲ್ಮನ್ ಮೀನಿಗೆ ಮೇವು ಉದುರುತ್ತದೆ.
ವಾಸನೆ ಮಾತ್ರ ಈವರೆಗೆ ಬಂದಿಲ್ಲ.

ಸಂಪರ್ಕ ಬಡವ. ಉಪಗ್ರಹದಿಂದ ಸೋರುವ ತೊಟ್ಟು.
ಅದಕ್ಕೇ ಅಲ್ಲೊಬ್ಬ ಜಿಪುಣ ಕಾರಕೂನನನ್ನು ಕೂರಿಸಿದ್ದಾರೆ,
ಚಿತ್ರ ಮಡಿಸಿ ಕಳಿಸುವವನು.
ಮೊದಲಿಗೆ ಒಂದು ಇಡೀ ಚಿತ್ರ ಕೊಡುತ್ತಾನೆ,
ಮತ್ತೆ ಇಡಿಯಾಗಿ ಕೊಡುವುದು ನಾನು ಅಂಗಲಾಚಿದರೆ ಮಾತ್ರ.
ಉಳಿದಂತೆ ಬರೀ ವ್ಯತ್ಯಾಸ:
ಈ ಚೌಕ ಎಡಕ್ಕೆ ಎರಡು ಹೆಜ್ಜೆ,
ಆ ಚೌಕ ಹಿಂದಿನಂತೆಯೇ,
ಬೆಟ್ಟ ಹಿಂದಿನಂತೆಯೇ,
ಆಕಾಶ, ಬಿಡಿ, ಹಿಂದಿನಂತೆಯೇ.
ಕದಲದ್ದಕ್ಕೆ ಅವನ ಲೆಕ್ಕದಲ್ಲಿ ಕವಡೆ ಖರ್ಚಿಲ್ಲ.
ನಾನು ನೋಡುತ್ತಿರುವ ಬೆಟ್ಟ ಬೆಳಗ್ಗೆ ಎಂಟೂ ಹತ್ತರದ್ದು.
ಬಿದ್ದುಹೋದರೆ ಹೇಳಿಯಾನು ಎಂಬ ನಂಬಿಕೆಯ ಮೇಲೆ
ನಿಂತಿದೆ.

ದೋಣಿಮನೆಯ ಕಾವಲಿಗೆ ದೋನ್ ಎಲಿಯೊದೊರೊ ಬಾರಿಯಾ.
ಹದಿನಾಲ್ಕು ದಿನ ನೀರ ಮೇಲೆ, ಹದಿನಾಲ್ಕು ದಿನ ಚಿಲೊಯೆಯಲ್ಲಿ, ನೆಲದ ಮೇಲೆ.
ಮುಖತಃ ಕಂಡಿಲ್ಲ.
ಪರದೆಯಲ್ಲಿ ಅವನು ಆರೆಂಟು ಚೌಕದ ಮನುಷ್ಯ;
ನಡೆದುಹೋದರೆ ಅವನದೊಂದು ಚೂರು ಹಿಂದೆ ಉಳಿಯುತ್ತದೆ
ಬೆಂಚಿನ ಮೇಲೆ ಮರೆತ ಟೋಪಿಯ ಹಾಗೆ,
ಕಾರಕೂನ ಬಂದು ಒರೆಸುವವರೆಗೆ.

ಒಮ್ಮೊಮ್ಮೆ ನನ್ನ ಬಾಣ ನಾನು ಎಳೆಯದ ಕಡೆಗೆ ಹೋಗುತ್ತದೆ.
ಅವನೇ. ಅಲ್ಲಿ, ಅದೇ ಯಂತ್ರದ ಮುಂದೆ.
ಒಂದೇ ಬಾಣಕ್ಕೆ ಎರಡು ಕೈ.
ಮೊದಮೊದಲು ಜಗ್ಗಾಡುತ್ತಿದ್ದೆವು.
ಈಗ, ಇಕ್ಕಟ್ಟಿನ ಓಣಿಯಲ್ಲಿ ಎದುರಾದವರಂತೆ,
ಯಾರೋ ಒಬ್ಬರು ಗೋಡೆಗೆ ಸರಿಯುತ್ತೇವೆ.

ಇವತ್ತು, ಜುಲೈ, ಮಧ್ಯಾಹ್ನ ಮೂರು ದಾಟಿತ್ತು.
ಹನ್ನೆರಡೂ ಕಿಟಕಿ ಒಟ್ಟಿಗೆ ಕೆಟ್ಟವು.
ಚಿತ್ರ ಇಟ್ಟಿಗೆಯಾಯಿತು, ಇಟ್ಟಿಗೆ ಅಂಬಲಿಯಾಯಿತು.
ಬೈದೆ: ಆಂಟೆನಾ, ಕಂಪನಿ, ಕಾರಕೂನನ ಅಪ್ಪ.
ಆಗ ಬಾಣ ತಾನೇ ಎದ್ದು
ಮೇವಿನ ಟಿಪ್ಪಣಿಯ ಖಾನೆ ತೆರೆಯಿತು.
ಒಂದೊಂದೇ ಅಕ್ಷರ, ಒಂಟಿ ಬೆರಳಲ್ಲಿ:
ಯಸ್ನಾ ಹಿಮ ಬೀಳ್ತಿದೆ ನೋಡ್ತಿದ್ದೀಯಾ

ನೋಡುತ್ತಿಲ್ಲ, ದೋನ್ ಎಲಿಯೊದೊರೊ.
ಕಾರಕೂನನಿಗೆ ಹಿಮ ಎಂದರೆ ದಿವಾಳಿ.
ಪ್ರತಿ ಚೌಕವೂ ಪ್ರತಿ ಗಳಿಗೆಯೂ ಬೇರೆ,
ಯಾವುದನ್ನೂ ಹಿಂದಿನಂತೆಯೇ ಎಂದು ಬರೆದು ಕೈತೊಳೆಯುವಂತಿಲ್ಲ.
ಮೊದಲು ಅದನ್ನು ಗದ್ದಲವೆಂದು ಸೋಸಿದ,
ಸೋಸಿ ಮುಗಿಯದೆ ಕೈಚೆಲ್ಲಿದ.

ನಾನು ಮಾಡಿದ್ದು ಇಷ್ಟು:
ಒಂದನೇ ಪಂಜರದ ಕ್ಯಾಮೆರಾ ಮುಚ್ಚಿದೆ. ಎರಡನೆಯದು.
ಐದು, ಆರು. ಹನ್ನೊಂದು ಕಿಟಕಿ ಕಪ್ಪು.
ಕಾಣದ ಮೀನಿಗೆ ಮೇವು ಸುರಿಯಬಾರದು,
ಅದನ್ನೂ ನಿಲ್ಲಿಸಿದೆ.
ಇದ್ದಬದ್ದ ತೊಟ್ಟನ್ನೆಲ್ಲ ಅಟ್ಟದ ಕ್ಯಾಮೆರಾಕ್ಕೆ ತಿರುಗಿಸಿ
ಹೊಸದಾಗಿ ಒಂದು ಇಡೀ ಚಿತ್ರ ಬೇಡಿದೆ.

ಬಂತು.
ಇಟ್ಟಿಗೆ ಸಡಿಲಿ, ಪುಡಿಯಾಗಿ, ಪುಡಿ ಬೀಳತೊಡಗಿ,
ಬೀಳುತ್ತಲೇ ಇದೆ, ಒಂದು ಬಿದ್ದಂತೆ ಇನ್ನೊಂದಿಲ್ಲ.
ಬೆಟ್ಟ ಇರಲಿಲ್ಲ. ಯಾವಾಗಲೋ ಬಿಳಿಚಿ
ಆಕಾಶದೊಳಕ್ಕೆ ಎದ್ದು ಹೋಗಿತ್ತು.
ಅದರ ಮುಂದೆ ಅವನು, ಮೂಗು ಬಾಯಿ ಇರುವವನು,
ನಾನು ಅಂದುಕೊಂಡದ್ದಕ್ಕಿಂತ ಕುಳ್ಳ,
ಕಿತ್ತಳೆ ರೈನ್‌ಕೋಟಿನ ಗುಂಡಿಯನ್ನು ತಪ್ಪು ಕಾಜಕ್ಕೆ ತೂರಿಸಿಕೊಂಡವನು,
ಕ್ಯಾಮೆರಾದತ್ತ ಅಂಗೈ ಚಾಚಿ ನಿಂತಿದ್ದ.
ಅದರಲ್ಲಿದ್ದದ್ದು ನನ್ನ ತನಕ ಬರುವಷ್ಟರಲ್ಲಿ
ಒಂದು ಸೆಕೆಂಡು ಹಳೆಯದು,
ಅಂದರೆ ನೀರು.

ನಾಲ್ಕು ನಿಮಿಷ.
ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ತೆರೆದೆ.
ಐದನೇ ಪಂಜರದಲ್ಲಿ ಮೇವು ಕಂದಗೆ, ನಿಧಾನಕ್ಕೆ ಇಳಿಯುತ್ತಿತ್ತು,
ಮೀನುಗಳು ತಲೆಯೆತ್ತಿ ಬಾಯಿ ತೆರೆದಿದ್ದವು,
ಶಾಲೆ ಬಿಟ್ಟ ಮಕ್ಕಳ ಹಾಗೆ.
ಟಿಪ್ಪಣಿಯಲ್ಲಿ ಅವನ ಸಾಲು ಹಾಗೇ ಇತ್ತು. ಅಳಿಸಬೇಕಿತ್ತು.
ಬಾಣ ಅತ್ತ ಹೋಯಿತು, ನಿಂತಿತು. ನನ್ನ ಕೈಯೋ
ಅವನ ಕೈಯೋ, ಗೊತ್ತಾಗಲಿಲ್ಲ.

ಮೂರೂ ಹತ್ತರಿಂದ ಮೂರೂ ಹದಿನಾಲ್ಕು
ಮೇವು ಯಾಕೆ ನಿಂತಿತೆಂದು ನಮೂನೆ ಕೇಳುತ್ತದೆ.
ಕಾರಣಕ್ಕೆ ಮೂರೇ ಆಯ್ಕೆ:
ಅಲೆ, ಕಡಲಸಿಂಹ, ಸಂಪರ್ಕದೋಷ.
ಸಂಪರ್ಕ ಎಂದಷ್ಟೇ ಒತ್ತಲು ನೋಡಿದೆ.
ದೋಷ ಅದಕ್ಕೆ ಅಂಟಿಕೊಂಡೇ ಬಂತು.