ಮೊದಲನೆಯದು ಅಕೋಲಾ

ಸಾಯನ್ ಸ್ಟೇಷನ್ನಿನ ಮೆಟ್ಟಿಲಿಳಿದು ಎಡಗಡೆ
ನನ್ನ ಝೆರಾಕ್ಸ್ ಅಂಗಡಿ. ಆಗಸ್ಟಿನಲ್ಲಿ
ಕಾಗದದ ಕಟ್ಟಿಗೂ ನೆಗಡಿ.
ಅಂಚು ಸುರುಳಿ ಸುತ್ತಿ, ಎರಡೆರಡು ಅಂಟಿಕೊಂಡು
ಮಿಷಿನ್ನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.
ಅದಕ್ಕೇ ಅರವತ್ತರ ಬಲ್ಬೊಂದು
ಹಗಲೂ ರಾತ್ರಿ ಕಪಾಟಿನೊಳಗೆ,
ಕಾವಿಗೆ ಕೂತ ಕೋಳಿಯ ಹಾಗೆ.

ನೀಲಾಂಬಿಕಾ ಹತ್ತೂರೆ ಬಂದದ್ದು
ಮೆಡಿಕಲ್ ಸೀಟಿನ ಫಾರ್ಮು ತುಂಬಿಸಲಿಕ್ಕೆ.
ತಾಯಿ ಇಲ್ಲೇ ಆಸ್ಪತ್ರೆಯಲ್ಲಿ ಆಯಾ.
ಫಾರ್ಮಿಗೆ ಐವತ್ತು ರೂಪಾಯಿ. ಕನ್ನಡದವರಿಗೆ ನಲವತ್ತು,
ಬೋರ್ಡಿನ ಮೇಲೆ ಬರೆದಿಲ್ಲ.
ಅಂಕಪಟ್ಟಿಯನ್ನು ಗಾಜಿನ ಮೇಲೆ ತಾನೇ ಒತ್ತಿ ಹಿಡಿದಳು,
ನನ್ನ ಮೇಲೆ ಭರವಸೆ ಇಲ್ಲದವಳಂತೆ.

ಈ ವಾರ ತುಂಬಿದ್ದು ಹದಿನೇಳು ಫಾರ್ಮು.
ಎಲ್ಲ ಮಕ್ಕಳದ್ದೂ ಒಂದೇ ಲೆಕ್ಕ:
ಹೋದ ವರ್ಷ ಎಷ್ಟು ಅಂಕಕ್ಕೆ ನಿಂತಿತು, ಫೀಸೆಷ್ಟು,
ಮನೆಗೆ ಬರಲು ರಾತ್ರಿಯ ರೈಲುಂಟೋ.
ಇವಳು ತೆಗೆದದ್ದು ಎರಡು ಗೆರೆಯ ಕಾಪಿ ಪುಸ್ತಕ.
ಊರಿನ ಹೆಸರು, ಎದುರಿಗೆ ಹನ್ನೆರಡು ತಿಂಗಳು,
ಪ್ರತಿ ತಿಂಗಳ ಕೆಳಗೆ ಗಾಳಿಯಲ್ಲಿ ನೀರೆಷ್ಟು,
ನೂರಕ್ಕೆ ಇಷ್ಟು ಎಂದು.
ಎರಡು ವರ್ಷ ಪೇಪರು ನೋಡಿ ಬರೆದದ್ದಂತೆ.

"ಮೊದಲನೇದು ಅಕೋಲಾ ಹಾಕ್ರಿ ಅಂಕಲ್."

ಅಕೋಲಾ! ಮೇ ತಿಂಗಳಲ್ಲಿ ನಲವತ್ತಾರು ಡಿಗ್ರಿ,
ಕಾಗೆಯೂ ನೆರಳನ್ನು ಬಾಡಿಗೆಗೆ ಹಿಡಿಯುವ ಊರು.
"ಸುಟ್ರ ಸುಡ್ಲಿರಿ. ತೊಯ್ಸಬಾರ್ದು"
ಎಂದು ಅಂಗೈ ತೆರೆದು ತೋರಿಸಿದಳು.

ಗೆರೆ ಗೆರೆಯಲ್ಲೂ ನೀರು. ಮಳೆ ಬಿಟ್ಟ ಮೇಲೆ
ಹಳಿಗಳ ನಡುವೆ ನಿಂತಿರುತ್ತದಲ್ಲ, ಹಾಗೆ.
ಒರೆಸಿದಳು. ನಾನು ಎಣಿಸಿದೆ.
ಹನ್ನೊಂದು ಎನ್ನುವಷ್ಟರಲ್ಲಿ ಮತ್ತೆ ಬಂತು.
ಭಯವಲ್ಲವಂತೆ. ಹುಟ್ಟಾ ಹೀಗೇ.
ಪರೀಕ್ಷೆಗೆ ಕರ್ಚೀಫು ಒಳಗೆ ಬಿಡಲಿಲ್ಲ;
ಉತ್ತರದ ಹಾಳೆ ಒದ್ದೆಯಾದೀತೆಂದು
ಮೂರು ತಾಸು ಕೈಯನ್ನು ಗಾಳಿಯಲ್ಲೇ ಹಿಡಿದು
ಚುಕ್ಕೆ ತುಂಬಿದಳಂತೆ.
"ನಾಳೆ ಗ್ಲವ್ಸಿನೊಳಗ ಕೆರಿ ಆದ್ರ
ಕತ್ರಿ ಹೆಂಗ ಹಿಡೀಲ್ರಿ?"

ಅಜ್ಜ ಅಕ್ಕಲಕೋಟೆಯಿಂದ ಬಂದು
ಲಾಲ್‌ಬಾಗಿನ ಮಿಲ್ಲು ಸೇರಿದವನು.
ಒಣ ಗಾಳಿಗೆ ನೂಲು ಹರಿಯುತ್ತದೆ. ಈ ಊರಿನ ಹಸಿ ಸಾಲದೆಂದು
ಮಾಡಿನಿಂದ ಇನ್ನಷ್ಟು ನೀರು ಚಿಮುಕಿಸುತ್ತಿದ್ದರಂತೆ
ಮಗ್ಗಗಳ ಮೇಲೆ, ಮಗ್ಗದವರ ಮೇಲೆ.
ಮೂವತ್ತು ವರ್ಷ ಮನೆಯೊಳಗಿನ ಮಳೆ.
"ಅವನ ಪಗಾರದ ಬಾಕಿ ನನ್ನ ಕೈಗೆ ಬಂತ್ರಿ"
ಎಂದು ನಕ್ಕಳು.

ಅಕೋಲಾ. ಯವತ್ಮಾಳ. ನಾಗಪುರ. ಧುಳೆ. ಲಾತೂರು.
ಪುಣೆಯ ಮುಂದೆ ಬೆರಳು ತಡೆಯಿತು.
"ಎಂಟು ತಿಂಗಳು ಅಡ್ಡಿ ಇಲ್ರಿ. ನಾಕು ತಿಂಗಳು ನಂಬೂಹಂಗಿಲ್ಲ."
ರತ್ನಾಗಿರಿ, ಅಲಿಬಾಗ ಬೇಡವೇ ಬೇಡ.
ಎಲ್ಲಕ್ಕೂ ಕೊನೆಗೆ, ನನ್ನ ಅಂಗಡಿಯಿಂದ
ಕಲ್ಲೆಸೆದರೆ ಬೀಳುವ ಸಾಯನ್.

ಯಾವ ಹವೆ ಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ.
ಸೋದರಮಾವನ ಖೋಲಿಯಿತ್ತು, ಬಂದೆ.

ಓಟಿಪಿ ಹೋದದ್ದು ತಾಯಿಯ ಫೋನಿಗೆ.
ಆರು ಅಂಕಿ ಓದಿ ಹೇಳಿದ ಮೇಲೂ ಆಕೆ ಫೋನಿಡಲಿಲ್ಲ.
ಹಿಂದೆ ಬಕೆಟ್ಟು ಎಳೆಯುವ ಸದ್ದು.
"ಇಲ್ಲಿದು ಎಷ್ಟನೇದು ಬರ್ಸೀದಿ?"
ಮಗಳು ನನ್ನನ್ನು ನೋಡಿದಳು.
ನಾನು ಕೀಬೋರ್ಡಿನಲ್ಲಿ ಸವೆದ ಅಕ್ಷರ ನೋಡಿದೆ.
"ಬರ್ಸೀನಿ ಬೇ."

ರಸೀದಿ ಒಮ್ಮೆ ಸಿಕ್ಕಿಕೊಂಡಿತು.
ಬಲ್ಬಿನ ಪಕ್ಕದ ಬೆಚ್ಚಗಿನ ಹಾಳೆ ಹಾಕಿದೆ.
ಎರಡೇ ಉಗುರಿನಲ್ಲಿ, ಇಕ್ಕಳದಂತೆ ಹಿಡಿದು
ಮೆಟ್ಟಿಲು ಹತ್ತಿ ಹೋದಳು.
ಕೊಟ್ಟ ನೋಟುಗಳನ್ನು ಕಪಾಟಿನೊಳಗೆ ಒಣಗಲಿಟ್ಟೆ.

ಮುಂದಿನವರಿಗೆ ರೇಷನ್ ಕಾರ್ಡಿನ ಕಾಪಿ ಬೇಕಿತ್ತು.
ಹೊರಬಂದ ಹಾಳೆಯಲ್ಲಿ, ಯಜಮಾನರ ಹೆಸರಿನ ಮೇಲೆ,
ಬೂದು ಬಣ್ಣದ ಐದು ಬೆರಳು.
ಗಾಜು ಒರೆಸಿದೆ. ಇನ್ನೊಂದು ತೆಗೆದೆ,
ದುಡ್ಡು ಹಿಡಿಯಲಿಲ್ಲ.
ಕೆಟ್ಟ ಹಾಳೆಯ ಬೆನ್ನಿಗೆ
ಈ ತಿಂಗಳ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ.