ಬೀವರ್ಸ್ ಅವರ ಪ್ರಿಂಟರು

ಬಾರ್ನ್‌ಸ್ಲಿ ಮಾರ್ಕೆಟ್ಟಿನಲ್ಲಿ ಫೋನಿನ ಒಡೆದ ಗಾಜು
ಬದಲಿಸುವುದು ನನ್ನ ಕಸುಬು. ಪ್ರಿಂಟರು ಮುಟ್ಟುವುದಿಲ್ಲ ಎಂದು
ಹಲಗೆಯ ಮೇಲೆ ಬರೆದೇ ಇಟ್ಟಿದ್ದೇನೆ. ಆದರೂ
ಶುಕ್ರವಾರ ನಾರ್ಮನ್ ಬೀವರ್ಸ್ ಅದನ್ನು
ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದರು.

ಪಾರಿವಾಳ ಕ್ಲಬ್ಬಿನ ಕಾರ್ಯದರ್ಶಿ. ನಾಳೆ ಪಂದ್ಯ.
ಮೂವತ್ತೆಂಟು ಮನೆಗೆ ಪಟ್ಟಿ ಹಂಚಬೇಕು.
ಪರದೆಯದು ಒಂದೇ ಹಟ: ಕಪ್ಪು ಮುಗಿದಿದೆ, ಹೊಸದು ಹಾಕಿ.
ಹಾಕಿದರೆ, ಇದು ನಮ್ಮದಲ್ಲ.

ಹಳೆಯ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ,
ತೆಂಗಿನಕಾಯಿ ಆರಿಸುವ ಹಾಗೆ. ಒಳಗೆ ಗುಳುಗುಳು.
"ಏನನ್ನುತ್ತೆ?"
"ಅರ್ಧ ಇದ್ದೇನೆ ಅನ್ನುತ್ತೆ."
ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು
ಇಂಗ್ಲಿಷಿನಲ್ಲಿ ಹೇಳಹೋಗಿ ತೊದಲಿದೆ.
ಸಾಸಿವೆಯಷ್ಟು ಚಿಪ್ಪನ್ನು ಉಗುರಿನಲ್ಲಿ ತಟ್ಟಿ
"ಪಾದ್ರಿ ಇವನೇ ತಾನೆ?" ಅಂದರು.
ಕಾಯಿ ತಾವಿಟ್ಟುಕೊಂಡು ಕೈಗೆ ಚಿಪ್ಪು ಕೊಡುವವರು ಗೊತ್ತಿತ್ತು;
ಕಾಯಿಗೇ ಚಿಪ್ ಅಂಟಿಸಿ ಕೊಡುವವರು ಈಚಿನವರು.

ಆರು ವರ್ಷ ಹಳೆಯ ಫರ್ಮ್‌ವೇರ್ ಹುಡುಕಿದೆ.
ಆಗಿನ್ನೂ ಅದು ಅನುಮಾನ ಕಲಿತಿರಲಿಲ್ಲ ಅಷ್ಟಾಗಿ.
ಒಂದು ಸಾಲು ತಿದ್ದಿದೆ,
ಯಾರು ನೀನು ಎಂದು ಕೇಳುವಲ್ಲಿ
ಸುಮ್ಮನೆ ಬಾ ಅನ್ನುವಂತೆ.
ತಂತಿ ಸಿಕ್ಕಿಸಿ, "ಹನ್ನೊಂದು ನಿಮಿಷ. ನಡುವೆ ಕರೆಂಟು ಹೋದರೆ
ಇದು ಬರೀ ಇಟ್ಟಿಗೆ" ಅಂದೆ.
ಬೀವರ್ಸ್ ಎದ್ದು ಹೋಗಿ
ಪಕ್ಕದ ಪೈ ಅಂಗಡಿಯ ಕೆಟಲಿನ ಮುಂದೆ
ಯಾರೂ ಮುಟ್ಟದಂತೆ ಕೈಕಟ್ಟಿ ನಿಂತರು.

ಬಂತು. ಮೊದಲ ಹಾಳೆ ಸ್ವಲ್ಪ ಸೊಟ್ಟ,
ಎರಡನೆಯದು ನೆಟ್ಟಗೆ.
ಶಾಯಿ ಎಷ್ಟಿದೆ ಎಂದು ತೋರುವ ಜಾಗದಲ್ಲಿ
ಈಗ ಏನೂ ಇಲ್ಲ. "ಮುಗಿಯುವಾಗ ಹೇಳದೆ ಮುಗಿಯುತ್ತೆ,
ತಿಳಿದಿರಲಿ."
"ನಾನೂ ಹಾಗೇ" ಅಂದರು.

ಹಾಳೆ ಎಣಿಸುತ್ತ ಎಣಿಸುತ್ತ ಬೇರೇನೋ ನೆನಪಾಗಿ:
ಈಗ ಹಕ್ಕಿಯ ಕಾಲುಂಗುರದಲ್ಲೂ ಚಿಪ್ ಇದೆಯಂತೆ.
ಹೋದ ಆಗಸ್ಟಿನಲ್ಲಿ ಅವರ ನೀಲಿ ಹೆಣ್ಣು
ಫ್ರಾನ್ಸಿನಿಂದ ಎಲ್ಲರಿಗಿಂತ ಮೊದಲು ಬಂದಿಳಿಯಿತು.
ಉಂಗುರ ಸತ್ತಿತ್ತು.
ಯಂತ್ರದ ಮೇಲೆ ಆ ಕಡೆಯಿಂದ ಈ ಕಡೆಗೆ
ಎರಡು ಸಲ ನಡೆಯಿತು, ಮದುಮಗಳ ಹಾಗೆ.
ಯಂತ್ರ ತುಟಿ ಬಿಚ್ಚಲಿಲ್ಲ.
ನಿಯಮದ ಪ್ರಕಾರ ಅದು ಇವತ್ತಿಗೂ
ಕಡಲಿನ ಮೇಲೆ ಎಲ್ಲೋ ಇದೆ.

"ಬಂದಿಲ್ಲ ಅಂತ ಅಚ್ಚು ಹಾಕಿದವನು ನಾನೇ.
ಇದೇ ಪ್ರಿಂಟರು.
ಒಂದು ಕೈಯಲ್ಲಿ ಗುಂಡಿ ಒತ್ತಿದೆ. ಇನ್ನೊಂದರಲ್ಲಿ
ಅದು ಬಟಾಣಿ ತಿನ್ನುತ್ತಿತ್ತು."