ಎಂಟನೆಯ ದಿನದ ಕೊಬ್ಬು

ಪಾಲಹಳ್ಳಿಯ ಜವರಮ್ಮ ಮರಿಯನ್ನು ಮಡಿಲಿಗೆ ಅವುಚಿಕೊಂಡಿದ್ದಳು.
ಡಾಕ್ಟರು ಮರಗಟ್ಟಿಸಿದ ತೊಗಲ ಕೆಳಗಿಂದ
ಹುಣಸೆಬೀಜದಷ್ಟು ತೆಗೆದೆ.
ನೋವಿಲ್ಲದಿದ್ದರೂ ಅದು ಕಿರುಚಿತು,
ನಾಲೆಯಾಚೆ ಕಬ್ಬಿನವರೆಗೂ.
"ಇಷ್ಟೇಯಾ? ಇದ್ರೊಳಗೆ ಏನ್ ಓದೀಯವ್ವಾ?"

ಗಂಗೋತ್ರಿಯ ದಾರಿ, ತೊಡೆಯ ಮೇಲೆ ಐಸ್ ಪೆಟ್ಟಿಗೆ.
ಕಂಡಕ್ಟರು ಮೂಗು ಹಿಂಡಿ "ಮೀನಾ?" ಎಂದ.
ಲಸಿಕೆ, ಅಂದೆ.
ಬಾಯಿಯವರೆಗೆ ಬಂದ ಪದ ವಾಪಸು ಹೋಯಿತು.

ಸೊನ್ನೆಯ ದಿನ
ತಟ್ಟೆಯ ತಳದಲ್ಲಿ ಎಲ್ಲವೂ ಕದಿರಿನಂತೆ ಸಣಕಲು.
ಎಲ್ಲಕ್ಕೂ ಒಂದೇ ಪುಸ್ತಕ, ಮೂಗಿಗೂ ಗೊರಸಿಗೂ ಕೊಟ್ಟದ್ದೇ.
ಒಂದು ಜೀನು ಮಾತ್ರ ಹೊಸ್ತಿಲಿಗೆ ಕಾಲು ಚಾಚಿ ಕೂತು
ಈಗಲ್ಲ, ಈಗಲ್ಲ, ಅನ್ನುತ್ತಿರುತ್ತದೆ.
ಇನ್ಸುಲಿನ್ ಹನಿಸುತ್ತೇನೆ.
ಎರಡನೆಯ ದಿನ ಅದರ ದನಿ ಅಡಗುತ್ತದೆ.
ಅಂಟಿಕೊಂಡೇ ಇದ್ದ ಪುಟಗಳು ಬಿಡುತ್ತವೆ:
ಮೊದಲು ಪೀಪಾರ್ ಗಾಮಾ,
ಆಮೇಲೆ ಅದು ಎಬ್ಬಿಸಿದವು, ಅವು ಎಬ್ಬಿಸಿದವು.
ಪರದೆಯ ಮೇಲೆ ಗೆರೆ ಬಹಳ ಹೊತ್ತು ಮಲಗಿದ್ದು
ಇಪ್ಪತ್ತೆರಡನೆಯ ಸುತ್ತಿಗೆ ದಡಕ್ಕನೆ ಏಳುತ್ತದೆ.

ಅದೇ ಹೊತ್ತಿಗೆ ಅಮ್ಮನ ಫೋನು.
ಸರಸ್ವತೀಪುರದವರು ಕೇಳಿದರಂತೆ, ಹುಡುಗಿಯ ಸಂಶೋಧನೆ ಯಾವುದರ ಮೇಲೆ?
"ಜೀವಕೋಶ ಅಂದಿದೀನಿ. ನೀನೂ ಹಾಗೇ ಅನ್ನು."
ಹಂದಿ ಅಂದರೆ ಏನಾಗುತ್ತಮ್ಮಾ?
"ಓದಿ ಓದಿ ಕೊಬ್ಬು ಬಂದಿದೆ ಕಣೇ ನಿಂಗೆ."

ಕೊಬ್ಬು ಹಾಗೆ ಬರುವುದಿಲ್ಲ.
ಬರುವ ಮೊದಲು ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ,
ಆಮೇಲೆ ಸುಮ್ಮನೆ ಕೂತು
ಹಿಗ್ಗುತ್ತದೆ.
ಇದನ್ನು ಹೇಳಲಾಗಲಿಲ್ಲ, ಕರೆಂಟು ಹೋಯಿತು,
ಇನ್‌ಕ್ಯುಬೇಟರಿನ ಕಡೆ ಓಡಿದೆ.

ಎಂಟನೆಯ ದಿನ ಕೆಂಪು ಸುರಿದು ತೊಳೆದೆ.
ಗುಲಗಂಜಿ ಚೆಲ್ಲಿದ ಹಾಗೆ ಹನಿ ಹನಿ ಹನಿ.
ನಡುನಡುವೆ ಕೆಲವು ಸಣಕಲಾಗಿಯೇ ಉಳಿದಿದ್ದವು,
ಅದೇ ಇನ್ಸುಲಿನ್ ಕುಡಿದೂ.
ಯಾಕೆಂದು ಬರೆಯುವ ಜಾಗದಲ್ಲಿ
ಇನ್ನೂ ಏನೂ ಬರೆದಿಲ್ಲ.

ಜವರಮ್ಮ ಮೊಬೈಲನ್ನು ಬಿಸಿಲಿಗೆ ಓರೆಮಾಡಿ ನೋಡಿದಳು.
"ಛತ್ರದ ಎಂಜಲೋಳಿಗೆ ಡ್ರಮ್ಮಲ್ಲಿ ಹೊತ್ತು ತಂದು
ಸುರಿಯೋಳು ನಾನು. ನನ್ ಪಾಲೂ ಅದೆ ಅನ್ನು ಇದ್ರಲ್ಲಿ."
ಸ್ವಲ್ಪ ತಡೆದು:
"ಆ ಮೋಟುಬಾಲದ್ದಾ? ಹೋದ್ವಾರ ಕೊಟ್‌ಬುಟ್ಟೆ ಕಣವ್ವಾ."
ನನ್ನ ತಟ್ಟೆಯಲ್ಲಿ ಅದಕ್ಕೆ ಇನ್ನೂ ಎಂಟೇ ದಿನ.

ಹೊಸ ಮರಿಯ ಚೂರು ಐಸಿಗಿಟ್ಟು ಬಸ್ಸು ಹತ್ತಿದೆ.
ಅದೇ ಕಂಡಕ್ಟರು. "ಪೆಟ್ಟಿಗೇಲೇನು?"
ಹಂದಿ, ಅಂದೆ.
ಇಡೀ ಬಸ್ಸು ತಿರುಗಿತು.
ಅವನು ಮಾತ್ರ ಟಿಕೆಟಿನ ಯಂತ್ರದಿಂದ ತಲೆಯೆತ್ತದೆ
"ಫುಲ್ಲಾ, ಆಫಾ?" ಎಂದ.